ಬಿತ್ತುವ ಬೀಜ, ತಿನ್ನುವ ಬೀಜ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಆಡುವಾಗ ನಿಮ್ಮ ಕನಿಕರವೆಲ್ಲ ಹೇಳಿಕೊಂಡವನ ಕಡೆಗೇ ಹರಿಯುತ್ತದೆ. ಬೆಳಗಿನಿಂದ ಬೈಗಿನವರೆಗೆ ಅದನ್ನೆಲ್ಲ ಕೇಳಿಸಿಕೊಂಡು ಕುಳಿತವನ ಪಾಡೇನು ಎಂದು ಗಾದೆ ಕಟ್ಟಿದವನೂ ಯೋಚಿಸಲಿಲ್ಲ. ನಾನು ಆ ಸುಂಕದವನು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಇಂಗ್ಲಿಷರ ಸೀಮೆ ಮುಗಿದು ಸಂಸ್ಥಾನದ ಸೀಮೆ ಶುರುವಾಗುವ ಕಡೆ ಒಂದು ಕಟ್ಟೆ, ಒಂದು ಪೆಟ್ಟಿಗೆ, ಒಂದು ದಫ್ತರ, ನಾನು. ಈ ನಾಲ್ಕರಲ್ಲಿ ದಣಿಯುವವನು ನಾನೊಬ್ಬನೇ.

ಎಲ್ಲಿಯೋ ಯಾರೋ ಬೂಷ್ಟು ಹಿಡಿದ ಶೇಂಗಾ ತಿಂದು ಹೊಟ್ಟೆ ಕೆಡಿಸಿಕೊಂಡರಂತೆ. ಅದರ ಫಲವಾಗಿ ನನಗೊಂದು ಹುಕುಂ ಬಂತು. ಗಡಿ ದಾಟುವ ತಿನ್ನುವ ಬೀಜ ಶೇಂಗಾ ಇರಲಿ, ಗೋಡಂಬಿ ಇರಲಿ, ಬದಾಮಿ ಇರಲಿ, ಗುಮಾಸ್ತನು ಒಡೆದು, ಮೂಸಿ, ಬಾಯಿಗೆ ಹಾಕಿ ನೋಡಿ, ಹುಳ, ಬೂಷ್ಟು, ಕಮಟು ಇಲ್ಲವೆಂದು ಬರೆದ ಮೇಲೆಯೇ ಸುಂಕ ಕಟ್ಟಿಸಿಕೊಂಡು ಬಿಡತಕ್ಕದ್ದು. ಬಿತ್ತನೆ ಬೀಜಕ್ಕೆ ಮಾತ್ರ ಸುಂಕವೂ ಇಲ್ಲ, ಪರೀಕ್ಷೆಯೂ ಇಲ್ಲ. ನಮ್ಮ ಮಾತಿನಲ್ಲಿ ಬಿತ್ತುವುದೂ ಬೀಜವೇ, ತಿನ್ನುವುದೂ ಬೀಜವೇ. ಇದು ಹುಕುಂ ಬರೆದವರಿಗೆ ಹೊಳೆಯಲಿಲ್ಲ. ಗಾಡಿ ಹೊಡೆಯುವವರಿಗೆ ಮರುದಿನವೇ ಹೊಳೆಯಿತು. ಮರಿಯಮ್ಮನಹಳ್ಳಿಯ ಒಬ್ಬ ಮಹಾರಾಯ ಉಪ್ಪು ಹಚ್ಚಿ ಹುರಿದ ಶೇಂಗಾ ತಂದು “ಬಿತ್ತಾಕ್ರಿ” ಎಂದ. “ಹುರಿದದ್ದು ಹುಟ್ಟತೈತೇನಪ್ಪಾ?” ಎಂದೆ. “ನಮ್ಮ ಹೊಲ ಭಾಳ ಚಲೋ ಐತ್ರಿ” ಎಂದ.

ಹೀಗೆ ದಿನವಿಡೀ ಕಹಿಬೀಜ, ಹುಳುಕುಬೀಜ ಅಗಿದು ನನ್ನ ನಾಲಿಗೆ ನನ್ನದಾಗಿ ಉಳಿದಿಲ್ಲ. ಮನೆಯಲ್ಲಿ ಹೆಂಡತಿ ರೊಟ್ಟಿಗೆ ಶೇಂಗಾ ಚಟ್ನಿ ಹಾಕಿದರೆ ಒಂದು ಚಿಟಿಕೆ ಬಾಯಿಗಿಟ್ಟು, “ಕಮಟಿಲ್ಲ, ಹೋಗಲಿ” ಎಂದುಬಿಡುತ್ತೇನೆ. “ಎಲ್ಲಿಗೆ ಹೋಗ್ಬೇಕ್ರಿ ಅದು?” ಎನ್ನುತ್ತಾಳೆ ಅವಳು.

ಮೊನ್ನೆ ಸಂಡೂರಿನ ಮೋಟಾರು ಕಟ್ಟೆಯ ಮುಂದೆ ನಿಂತಾಗ ಕಂಪ್ಲಿಯ ಮುದುಕಿಯೊಬ್ಬಳು ಹಿತ್ತಾಳೆ ಡಬ್ಬಿ ಅವಚಿಕೊಂಡು ಇಳಿದಳು. ನಾನು ಮುಚ್ಚಳಕ್ಕೆ ಕೈ ಹಾಕಿದೆ.

“ಮುಟ್ಟಬ್ಯಾಡ್ರಿ ಸಾಹೇಬ್ರ. ಅಂಟಿನ ಉಂಡಿ ಅದಾವ. ಮಗಳು ತವರಿಗೆ ಬರೂದ್ರಾಗ ಸಂಡೂರಾಗ ಗಂಡನ ಮನ್ಯಾಗನ ಹಡದಾಳ. ಕೂಸಿಗೆ ಹಾಲು ಸಾಲವಲ್ದು ಅಂತ ಹೇಳಿ ಕಳಿಸ್ಯಾರ.”

“ಬದಾಮಿ, ಗೋಡಂಬಿ ಹಾಕೀಯೇನವ್ವಾ?”

“ಹಾಕದ ಮತ್ತ? ಬಾಣಂತಿಗೆ ಬರೇ ಬೆಲ್ಲದುಂಡಿ ಒಯ್ಯಲೇನು?”

“ಹಂಗಾದ್ರ ಒಂದು ಒಡದು ಬಾಯಾಗ ಹಾಕ್ಕೊಂಡು ನೋಡಬೇಕವ್ವಾ. ಕಾಯ್ದೆ ಐತಿ.”

ಮುದುಕಿಯ ಕಣ್ಣಲ್ಲಿ ನೀರು ತುಂಬಿತು. “ಬಾಣಂತಿ ಬಾಯಿಗೆ ಬೀಳೂಕಿಂತ ಮೊದಲ ನೀವು ತಿಂದ್ರ ಎಂಜಲ ಆಗೂದಿಲ್ಲೇನ್ರಿ? ಎಂಜಲ ತಿಂದು ಹಾಲು ಇಳೀತೈತೇನ್ರಿ?”

ಅತ್ತ ಡ್ರೈವರು ಹಾರನ್ ಒತ್ತಿದ. “ಜಲ್ದಿ ಮಾಡ್ರಿ! ಇಲ್ಲಂದ್ರ ಮುದುಕೀನ ಬಿಟ್ಟು ಹೋಗ್ತೀನಿ.” ಮತ್ತೊಂದು ಮೋಟಾರು ನಾಳೆಗೆ. ಅಲ್ಲಿಯವರೆಗೆ ಕೂಸು ಕಾಯ್ದೆ ಓದುತ್ತ ಮಲಗುವುದಿಲ್ಲ. ನನಗೆ ಸಂಕಟವಾಯಿತು. ಧ್ವನಿ ತಗ್ಗಿಸಿ, “‘ಬಿತ್ತಾಕ’ ಅಂತ ಹೇಳವ್ವಾ” ಎಂದೆ.

“ಉಂಡಿ ಯಾರರ ಬಿತ್ತತಾರೇನ್ರಿ? ತಿನ್ನಾಕ ತಂದೀನಿ!” ಎಂದು ಮುದುಕಿ ಮೋಟಾರಿಗೆಲ್ಲ ಕೇಳುವಂತೆ ಗದರಿಸಿದಳು. ಹುಕುಂ ಬಂದಂದಿನಿಂದ ನನ್ನ ಕಟ್ಟೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಸುಳ್ಳು ಬರೆಯಬೇಕಾದದ್ದೂ ಅವಳ ಹೆಸರಿನಲ್ಲಿಯೇ. ‘ಬಿತ್ತನೆ ಬೀಜ, ಒಂದು ಡಬ್ಬಿ’ ಎಂದು ದಫ್ತರದಲ್ಲಿ ಗೀಚಿ, ಅವಳನ್ನು ಮೋಟಾರು ಹತ್ತಿಸಿದೆ. ಮೇಲಿನವರು ಓದಿದರೆ ನನ್ನ ನೌಕರಿಗೇ ಎಳ್ಳುನೀರು.

ಸಂಜೆ ಮನೆಗೆ ಬಂದವನೇ ಈ ಸಾಹಸವನ್ನು ಹೆಂಡತಿಗೆ ಸ್ವಲ್ಪ ಬೆಳೆಸಿಯೇ ಹೇಳಿದೆ. ಬಾಣಂತಿಯ ಉಂಡಿ ಎಂಜಲಾಗಬಾರದೆಂದು ಅನ್ನವನ್ನೇ ಪಣಕ್ಕಿಟ್ಟ ಗಂಡನನ್ನು ಅವಳು ಮೆಚ್ಚಿಯಾಳು ಎಂಬುದು ನನ್ನ ಎಣಿಕೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ನಮ್ಮ ದೊಡ್ಡ ಮಗ ಹುಟ್ಟಿದಾಗ ನಮ್ಮವ್ವ ತಂದಿಟ್ಟ ಉಂಡಿ ಡಬ್ಬಿ ನಾನು ತೆರ್ಯೂದ್ರಾಗ ಅರ್ಧ ಖಾಲಿ ಆಗಿತ್ತಲ್ರಿ. ಅವಾಗ ಎಂಜಲದ ನೆನಪು ಆಗಲಿಲ್ಲೇನ್ರಿ?”

ಹುಳ, ಬೂಷ್ಟು ಪರೀಕ್ಷೆ ಮಾಡುತ್ತಿದ್ದೆ ಎಂದು ಹೇಳೋಣವೆಂದರೆ, ಆಗ ನಾನಿನ್ನೂ ಈ ನೌಕರಿಗೆ ಸೇರಿರಲಿಲ್ಲ.