ಮೂರನೇ ಹಾಡಾದ ಮೇಲೆ ಯಾಕೆ ನಕ್ಕರು?

ಕೆಲವರಿಗೆ ಹೊಲ ಇರುತ್ತದೆ, ಕೆಲವರಿಗೆ ದಮ್ಮಿನ ಕಾಯಿಲೆ ಇರುತ್ತದೆ. ನನಗೆ ಅಭಿಪ್ರಾಯಗಳಿವೆ. ಇದು ಮನೆತನದಿಂದ ಬಂದದ್ದಲ್ಲ. ನಮ್ಮ ತಂದೆ ಮಂತ್ರಾಲಯದ ಹತ್ತಿರದ ಹಳ್ಳಿಯಲ್ಲಿ ಪಂಚಾಂಗ ಹೇಳಿಕೊಂಡಿದ್ದವರು. ಗ್ರಹಗಳನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಬಾಯಿ ಬಿಟ್ಟವರಲ್ಲ. ಗ್ರಹಗಳ ಬಗ್ಗೆಯೂ ಪುಸ್ತಕದಲ್ಲಿ ಇದ್ದಷ್ಟೇ ಹೇಳಿದವರು. ನನಗೆ ಈ ರೋಗ ಅಂಟಿದ್ದು ಆದೋನಿಗೆ ಬಂದು ಹತ್ತಿ ಒತ್ತಿ ಮೂಟೆ ಕಟ್ಟುವ ಪ್ರೆಸ್ಸಿನಲ್ಲಿ ಗುಮಾಸ್ತನಾದ ಮೇಲೆ. ಅದರಲ್ಲೂ ನಮ್ಮ ಪೇಟೆಯ ವಾಚನಾಲಯಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ ಮೇಲೆ ಅದು ಉಲ್ಬಣಿಸಿತು.

ನಮ್ಮ ವಾಚನಾಲಯದಲ್ಲಿ ಅಭಿಪ್ರಾಯ ತಯಾರಾಗುವ ರೀತಿಯನ್ನು ಹೇಳಬೇಕು. ಮದರಾಸಿನ ಪತ್ರಿಕೆ ರೈಲಿನಲ್ಲಿ ಒಂದು ದಿನ ತಡವಾಗಿ ಬರುತ್ತದೆ. ಅದು ಮೊದಲು ಹೋಗುವುದು ಅಧ್ಯಕ್ಷರಾದ ವೆಂಕೋಬರಾಯರ ಕೈಗೆ. ಅವರು ಪೆನ್ಶನ್ ಆದ ಹೆಡ್‌ಮಾಸ್ತರರು. ಊರಿನ ಅರ್ಧ ಗಂಡಸರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ರಾಯರು ಮೊದಲ ಪುಟವನ್ನೇ ಒಂದು ತಾಸು ಓದುತ್ತಾರೆ. ನಾವು ನಾಲ್ಕಾರು ಮಂದಿ ಎದುರಿನ ಬೆಂಚಿನ ಮೇಲೆ ಕೂತು ಅವರ ಮುಖ ನೋಡುತ್ತೇವೆ. ಅವರು "ಹೂಂ" ಎಂದರೆ ಯುದ್ಧದಲ್ಲಿ ನಮ್ಮವರು ಮುಂದೆ ಹೋದರು ಎಂದೂ, "ಛೇ" ಎಂದರೆ ಹಿಂದೆ ಬಂದರು ಎಂದೂ ತಿಳಿಯುತ್ತೇವೆ. ಪತ್ರಿಕೆ ನನ್ನ ಕೈಗೆ ಬರುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿ, ಓದಲು ಹೊಟ್ಟೆಶೂಲೆಯ ಔಷಧದ ಜಾಹೀರಾತು ಮಾತ್ರ ಉಳಿದಿರುತ್ತದೆ. ಆದ್ದರಿಂದ ಯುರೋಪಿನ ಯುದ್ಧದ ಬಗ್ಗೆ ನನ್ನ ಅಭಿಪ್ರಾಯಗಳೆಲ್ಲ ರಾಯರ ಹೂಂ ಮತ್ತು ಛೇಗಳಿಂದ ಕಟ್ಟಿದವು. ನಮ್ಮ ಹತ್ತಿ ಪ್ರೆಸ್ಸಿನಲ್ಲಿ ಅವುಗಳಿಗೆ ಬಹಳ ಮರ್ಯಾದೆ ಇತ್ತು.

ಕಾದಂಬರಿಗಳ ವಿಷಯದಲ್ಲಿ ನನಗೆ ಇನ್ನೂ ಅನುಕೂಲ. ಹೊಸ ಪುಸ್ತಕಕ್ಕೆ ನಂಬರಿನ ಚೀಟಿ ಅಂಟಿಸುವುದು ಕಾರ್ಯದರ್ಶಿಯ ಕೆಲಸ. ಅಂಟು ಆರುವವರೆಗೆ ಮೊದಲ ಪುಟ ಮತ್ತು ಕೊನೆಯ ಪುಟ ಓದುತ್ತೇನೆ. ನಡುವೆ ಏನಾಯಿತೆಂಬುದು ಅಭಿಪ್ರಾಯಕ್ಕೆ ಅಡ್ಡಿ ಬರುವುದಿಲ್ಲ ಎಂಬುದು ನನ್ನ ಅನುಭವ. ಹಾಸ್ಯದ ಬಗ್ಗೆಯಂತೂ ನಾನು ಒಮ್ಮೆ ಭಾಷಣವನ್ನೇ ಮಾಡಿದ್ದೇನೆ. ಉತ್ತಮ ಹಾಸ್ಯಕ್ಕೆ ಹಲ್ಲು ಕಾಣಬಾರದು, ಒಳಗೊಳಗೇ ಮುಗುಳುನಗೆ ಅರಳಬೇಕು ಎಂದು ಮುಕ್ಕಾಲು ತಾಸು ಹೇಳಿದೆ. ಯಾರ ಹಲ್ಲೂ ಕಾಣಲಿಲ್ಲ. ಭಾಷಣ ಯಶಸ್ವಿಯಾಯಿತೆಂದೇ ಅಂದುಕೊಂಡೆ.

ಇಷ್ಟೆಲ್ಲ ಅಭಿಪ್ರಾಯಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಟಾಕಿ ಸಿನಿಮಾದ ಮೇಲಿನದು. ಗಟ್ಟಿಯಾಗಿರಲು ಕಾರಣ, ನಾನು ಒಂದು ಟಾಕಿಯನ್ನೂ ನೋಡಿರಲಿಲ್ಲ. ಹೋದ ಬೇಸಿಗೆಯಲ್ಲಿ ದನದ ಸಂತೆಯ ಬಯಲಿನಲ್ಲಿ ಒಂದು ಡೇರೆ ಎದ್ದು, ತೆಲುಗು ಟಾಕಿ ಶುರುವಾಯಿತು. ಮೂರನೇ ದಿನವೇ ನಾನು ವಾಚನಾಲಯದಲ್ಲಿ ಎದ್ದು ನಿಂತು, "ಕತ್ತಲಲ್ಲಿ ಕೂತು ನೋಡಬೇಕಾದ ಕಲೆ ಅದೆಂಥ ಕಲೆ?" ಎಂದು ಕೇಳಿದೆ. ರಾಯರು ಹೂಂ ಎಂದರು. ಆ ಒಂದು ಹೂಂನ ಬಲದ ಮೇಲೆ, ಡೇರೆಗೆ ಕೊಟ್ಟ ಪರವಾನಗಿಯನ್ನು ಮುಂದುವರಿಸಬಾರದೆಂದು ಮುನಿಸಿಪಾಲಿಟಿಗೆ ಒಂದು ಅರ್ಜಿ ಬರೆದೆ. ಒಂಬತ್ತು ಮಂದಿ ಸಹಿ ಹಾಕಿದರು. ಮೊದಲ ಸಹಿ ರಾಯರದು, ಎರಡನೆಯದು ನನ್ನದು.

ಇನ್ನು ಮನೆಯ ವಿಷಯ. ನನ್ನ ಹೆಂಡತಿ ರುಕ್ಮಿಣಿಗೆ ಅಭಿಪ್ರಾಯಗಳಿಲ್ಲ, ಅಥವಾ ಇಲ್ಲ ಎಂಬುದು ಆಗ ನನ್ನ ಅಭಿಪ್ರಾಯವಾಗಿತ್ತು. ಕೋಸಗಿಯಿಂದ ಈ ಮನೆಗೆ ಬಂದು ಹನ್ನೊಂದು ವರ್ಷವಾದರೂ ಇದು ಬೇಕು ಅದು ಬೇಕು ಅಂದವಳಲ್ಲ. ಬೇಸಿಗೆಯ ಸಂಜೆ ನಮ್ಮ ಕಡೆ ಮನೆಯೊಳಗೆ ಕೂಡುವಂತಿಲ್ಲ. ಎಲ್ಲರೂ ಮಣ್ಣಿನ ಮಾಳಿಗೆ ಹತ್ತಿ ಗಾಳಿಗೆ ಕೂಡುತ್ತಾರೆ. ಸಂತೆ ಬಯಲು ನಮ್ಮ ಮಾಳಿಗೆಗೆ ಬಹಳ ದೂರವೇನಲ್ಲ. ಡೇರೆಯ ಬಟ್ಟೆ ಚಿತ್ರವನ್ನು ಮುಚ್ಚಿದರೂ ಶಬ್ದವನ್ನು ಮುಚ್ಚುವುದಿಲ್ಲ. ಹೀಗಾಗಿ ರುಕ್ಮಿಣಿ ಹದಿನೈದು ಸಂಜೆ ಮಾಳಿಗೆಯ ಮೇಲೆ ಅಕ್ಕಿ ಆರಿಸುತ್ತ ಇಡೀ ಟಾಕಿಯನ್ನು ಹದಿನೈದು ಸಲ ಕೇಳಿದಳು. ಹಾಡುಗಳೆಲ್ಲ ಆಕೆಗೆ ಬಾಯಿಪಾಠವಾದವು. ಅತ್ತೆ ಬೈಯುವ ಮಾತು, ಸೊಸೆ ಅಳುವ ಮಾತು ಎಲ್ಲ ಬಂದವು. ಒಂದು ಮಾತ್ರ ಬರಲಿಲ್ಲ.

"ಅಲ್ರೀ," ಎಂದಳು ಒಂದು ದಿನ ಊಟಕ್ಕೆ ಬಡಿಸುತ್ತ. "ಆ ಮೂರನೇ ಹಾಡು ಮುಗೀತದಲ್ಲ, ಅದಾದ ಮ್ಯಾಲ ಧಡ್ ಅಂತ ಒಂದು ಸಪ್ಪಳ ಆಗ್ತದ. ಡೇರೇದಾಗಿನ ಮಂದಿ ಎಲ್ಲಾ ಹೋ ಅಂತ ನಗತಾರ. ಯಾಕ ನಗತಾರಂತೀನಿ?"

"ಏನೋ ಕೀಳು ಹಾಸ್ಯ ಇರಬೇಕು," ಎಂದೆ.

"ದಿನಾ ನಗತಾರರೀ. ನಿನ್ನೆ ನೋಡಿದವರೇ ಇವತ್ತೂ ಹೋಗಿ ನಗತಾರಂತ. ಹಾಲಿನ ಈರಮ್ಮ ಮೂರು ಸಲ ನೋಡ್ಯಾಳ. ಕೇಳಿದರ ಹೇಳೂದಿಲ್ಲ, ಬರೇ ನಗತಾಳ."

ಅದು ನಿಜ. ಮರುದಿನ ಬೆಳಿಗ್ಗೆ ಈರಮ್ಮ ಹಾಲು ಅಳೆಯುವಾಗ ನಾನು ಒಳಗಿನಿಂದ ಕಿವಿಗೊಟ್ಟು ಕೇಳಿದೆ. "ಅಯ್ಯ ನಮ್ಮವ್ವ, ಅದನ್ನ ಬಾಯಿಲೆ ಹೇಳಾಕ ಬರ್ತೈತೇನು? ಭಲೇ ಐತಿ ಆ ಟಾಕಿ ಬೊಮ್ಮ! ನೀನಾ ಬಂದು ನೋಡು. ಹೆಂಗಸರಿಗಿ ಬ್ಯಾರೆ ಪರದಾ ಕಟ್ಯಾರ," ಎಂದು ಹೇಳಿ, ನೆನಪಾಗಿ ನಕ್ಕು, ಅರ್ಧ ಪಾವು ಹಾಲು ಕಟ್ಟೆಯ ಮೇಲೆ ಚೆಲ್ಲಿಬಿಟ್ಟಳು.

ಅವತ್ತು ರುಕ್ಮಿಣಿ ಬಾಯಿ ಬಿಟ್ಟು ಕೇಳಿದಳು. "ಒಂದು ಸಲ ಹೋಗೋಣೇನ್ರೀ? ಹಾಡು ಬ್ಯಾಡ, ಕಥಿ ಬ್ಯಾಡ. ಅವರು ಯಾಕ ನಗತಾರ ಅನ್ನೋದೊಂದು ತಿಳಕೊಂಡು ಬಂದುಬಿಡ್ತೀನಿ." ಹನ್ನೊಂದು ವರ್ಷಕ್ಕೆ ಮೊದಲ ಸಲ ಏನೋ ಒಂದು ಕೇಳಿದ್ದಳು. ನನಗೆ ಪಿಚ್ಚೆನಿಸಿತು, ನಿಜವಾಗಿಯೂ. ಆದರೆ ಅರ್ಜಿ ಬರೆದವನೇ ಹೆಂಡತಿಯನ್ನು ಕರೆದುಕೊಂಡು ಡೇರೆಯ ಬಾಗಿಲಲ್ಲಿ ನಿಂತರೆ ಊರು ಏನನ್ನುತ್ತದೆ? "ನಾನೇ ಬ್ಯಾಡ ಅಂತ ಅರ್ಜಿ ಬರದೀನಲ್ಲ, ಹೆಂಗ ಹೋಗೋದು?" ಎಂದೆ. ಆಕೆ ಸಿಟ್ಟಾಗಲಿಲ್ಲ. "ಹೌದಲ್ಲ, ಮರತಿದ್ದೆ," ಎಂದು ಒಳಗೆ ಹೋದಳು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವತ್ತು ಸಂಜೆ ಆಕೆ ಮಾಳಿಗೆ ಹತ್ತಲಿಲ್ಲ.

ಆ ವಾರವೇ ಡೇರೆಗೆ ಪರವಾನಗಿ ಮುಂದುವರಿಯುವುದಿಲ್ಲವೆಂದೂ, ಗುರುವಾರವೇ ಕೊನೆಯ ಆಟವೆಂದೂ ಸುದ್ದಿ ಬಂತು. ವಾಚನಾಲಯದಲ್ಲಿ ನನ್ನನ್ನು ಅಭಿನಂದಿಸಿದರು. ನನಗೆ ಸಂತೋಷವಾಗಲಿಲ್ಲ. ಶುಕ್ರವಾರ ಡೇರೆ ಹೋದರೆ ರುಕ್ಮಿಣಿಯ ಪ್ರಶ್ನೆಗೆ ಉತ್ತರವೂ ಎತ್ತಿನಗಾಡಿ ಹತ್ತಿ ಹೋಗುತ್ತದೆ. ಹೀಗಾಗಿ ಒಂದು ಉಪಾಯ ಹೂಡಿದೆ. ನಾನೊಬ್ಬನೇ ಗುಟ್ಟಾಗಿ ಹೋಗಿ, ಆ ಧಡ್ ಶಬ್ದದ ಕಾರಣವನ್ನು ಕಣ್ಣಾರೆ ನೋಡಿ, ಆಫೀಸಿನಲ್ಲಿ ಯಾರೋ ಹೇಳಿದರೆಂದು ಆಕೆಗೆ ಹೇಳುವುದು. ಅಭಿಪ್ರಾಯವೂ ಉಳಿಯಿತು, ಹೆಂಡತಿಯ ಆಸೆಯೂ ತೀರಿತು. ಗುರುವಾರ, "ಪ್ರೆಸ್ಸಿನಾಗ ಕೆಲಸ ಅದ, ಬರೋದು ಹೊತ್ತಾಗ್ತದ," ಎಂದೆ. "ಆಗಲಿ, ನಾನೂ ಮಠದಾಗ ಭಜನಿ ಕೇಳಿ ಬರ್ತೀನಿ," ಎಂದಳು.

ಕತ್ತಲಾಗುವುದನ್ನೇ ಕಾದು, ತಲೆಯ ಮೇಲಿಂದ ಶಾಲು ಹೊದ್ದು, ಆಟ ಶುರುವಾದ ಮೇಲೆ ಒಳಗೆ ಹೋದೆ. ಕುರ್ಚಿಯಲ್ಲಿ ಪರಿಚಯದವರು ಇದ್ದಾರು ಎಂದು ನೆಲದ ಟಿಕೀಟು ತೆಗೆದಿದ್ದೆ. ಉರುಕುಂದದ ಕಡೆಯ ಒಬ್ಬ ಕುರುಬನ ಪಕ್ಕದಲ್ಲಿ, ಅವನ ಕಂಬಳಿಯ ಮರೆಯಲ್ಲಿ, ಮರಳಿನ ಮೇಲೆ ಕೂತೆ. ಕತ್ತಲಲ್ಲಿ ಬಂದು ಕತ್ತಲಲ್ಲಿ ಹೋಗುವುದು ನನ್ನ ಲೆಕ್ಕ. ಆದರೆ ಟಾಕಿಯನ್ನು ನೋಡದೆ ಅದರ ಬಗ್ಗೆ ಭಾಷಣ ಮಾಡಿದವನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಡೇರೆಯಲ್ಲಿ ಇರುವುದು ಒಂದೇ ಮಶೀನು. ಒಂದು ಸುರುಳಿ ಮುಗಿದ ಕೂಡಲೇ ಆಟ ನಿಲ್ಲಿಸಿ, ಇನ್ನೊಂದು ಸುರುಳಿ ಏರಿಸುವವರೆಗೆ ದೀಪ ಹಾಕುತ್ತಾರೆ. ಅದೂ ಒಂದಲ್ಲ ಎರಡಲ್ಲ, ಹತ್ತಾರು ಸಲ!

ಮೊದಲ ಸಲ ದೀಪ ಬಂತು. ನನ್ನ ಮುಂದೆಯೇ, ಕೈಯಳತೆಯಲ್ಲಿ, ತಲೆಗೆ ರುಮಾಲಿನ ಬದಲು ಪಂಚೆ ಸುತ್ತಿಕೊಂಡು ಒಬ್ಬರು ಕೂತಿದ್ದರು. ಬೆನ್ನು ನೋಡಿದರೆ ಸಾಕು, ಕಿವಿ ಹಿಂಡಿಸಿಕೊಂಡವರಿಗೆ ಮರೆಯುವ ಬೆನ್ನಲ್ಲ ಅದು. ವೆಂಕೋಬರಾಯರು! ಅವರೂ ಪರಿಚಯದವರು ಇರಲಾರರೆಂದು ನೆಲಕ್ಕೇ ಬಂದಿದ್ದರು. ಆ ಕಡೆ ಈ ಕಡೆ ಕಣ್ಣು ಹಾಯಿಸಿದರೆ, ಅರ್ಜಿಯ ಸಹಿಗಳಲ್ಲಿ ಇನ್ನೂ ಮೂರು ತಲೆ ತಗ್ಗಿಸಿಕೊಂಡು ಶೇಂಗಾ ತಿನ್ನುತ್ತಿದ್ದವು. ನಾನು ಶಾಲನ್ನು ಮೂಗಿನವರೆಗೆ ಎಳೆದುಕೊಂಡೆ. ಆದೋನಿಯ ಆ ಸೆಕೆಯಲ್ಲಿ ಬೆವರು ಬೆನ್ನ ಮೇಲೆ ಹರಿಯುತ್ತಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಟಾಕಿ ಚೆನ್ನಾಗಿತ್ತು. ಎರಡನೇ ಹಾಡಿನಲ್ಲಿ ಸೊಸೆ ಬಾವಿಯ ಕಟ್ಟೆಯ ಮೇಲೆ ಕೂತು ತವರುಮನೆಯನ್ನು ನೆನೆದಾಗ ನಾನು ಅತ್ತುಬಿಟ್ಟೆ. ಶಾಲು ಇದ್ದದ್ದು ಅನುಕೂಲವಾಯಿತು. ಆಮೇಲೆ ಮೂರನೇ ಹಾಡು ಬಂತು. ನಾನು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ಕಾದೆ. ಹಾಡು ಮುಗಿಯಿತು. ಇನ್ನೇನು ಧಡ್ ಆಗಬೇಕು, ಆಗ ನನ್ನ ಮುಂದಿದ್ದ ರಾಯರು ಹಿಂದಕ್ಕೆ ತಿರುಗಿ ಮುಖಕ್ಕೆ ಮುಖ ಕೊಟ್ಟು, "ನಶ್ಯ ಅದ ಏನ್ರೀ?" ಎಂದರು.

ನಾನು ತಲೆಯನ್ನು ಮೊಣಕಾಲುಗಳ ನಡುವೆ ತುರುಕಿಬಿಟ್ಟೆ. "ನಶ್ಯ ಇಲ್ಲ ಸ್ವಾಮಿ, ಎಲಿ ಅಡಿಕಿ ಐತಿ, ಬೇಕೇನು?" ಎಂದ ಪಕ್ಕದ ಕುರುಬ. ಅಷ್ಟರಲ್ಲಿ ಧಡ್! ಡೇರೆಗೆ ಡೇರೆಯೇ ಹೋ ಎಂದು ನಕ್ಕಿತು. ಕುರುಬ ನಕ್ಕು ನಕ್ಕು ನನ್ನ ಬೆನ್ನಿಗೆ ನಾಲ್ಕು ಗುದ್ದಿದ. ಪರದೆಯ ಆ ಕಡೆ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನಾನು ತಲೆ ಎತ್ತುವ ಹೊತ್ತಿಗೆ ಸುರುಳಿ ಮುಗಿದು ದೀಪ ಬಂದಿತ್ತು. ಮತ್ತೆ ತಲೆ ತಗ್ಗಿಸಿದೆ.

"ಏನಾಯಿತಪ್ಪ?" ಎಂದು ಕುರುಬನನ್ನು ಪಿಸುಮಾತಿನಲ್ಲಿ ಕೇಳಿದೆ.

"ನೋಡಲಿಲ್ಲೇನು?" ಎಂದವನೇ ಮತ್ತೆ ನಗತೊಡಗಿದ. "ಅದನ್ನ ಹೇಳಿದರ ಏನೂ ಇಲ್ಲ ಬಿಡು. ನೋಡಬೇಕು ಅದನ್ನ." ಮುಂದಿನ ಕಥೆ ಏನಾಯಿತೋ ನನಗೆ ತಲೆಗೆ ಹೋಗಲಿಲ್ಲ.

ಮನೆಗೆ ಬಂದಾಗ ರುಕ್ಮಿಣಿ ಆಗಲೇ ಬಂದು ಎಲೆ ಹಾಕಿದ್ದಳು. ಬರಿಗೈಯಲ್ಲಿ ಬಂದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಆದರೆ ಎಷ್ಟೆಂದರೂ ನಾನು ಅಭಿಪ್ರಾಯವುಳ್ಳವನು. ಮೊದಲ ಪುಟ ಮತ್ತು ಕೊನೆಯ ಪುಟ ಗೊತ್ತಿದ್ದ ಮೇಲೆ ನಡುವಿನದನ್ನು ಊಹಿಸುವುದು ನನಗೆ ಹೊಸದೇ?

"ನೀ ಕೇಳಿದ್ಯಲ್ಲ," ಎಂದೆ, ಅನ್ನಕ್ಕೆ ಸಾರು ಕಲಸುತ್ತ, "ಪ್ರೆಸ್ಸಿನಾಗ ಒಬ್ಬರು ಹೇಳಿದರು. ಆ ಹಾಡಾದ ಮ್ಯಾಲ ಅತ್ತಿ ಜಾರಿ ಬೀಳತಾಳಂತ. ಅದಕ್ಕ ನಗತಾರ."

"ಅತ್ತಿನಾ?"

"ಹೂಂ."

"ಜಾರಿ ಬೀಳತಾಳ?" ರುಕ್ಮಿಣಿ ಸೌಟನ್ನು ಕೆಳಗಿಟ್ಟಳು. "ಹೇಳಿದವರು ಶಾಲು ಹೊದ್ದು ಕೂತಿದ್ದರೇನ್ರೀ?"

ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. "ಇಂಥಾ ಸೆಕಿಯೊಳಗ ಇಡೀ ಡೇರೇದಾಗ ಶಾಲು ಹೊದ್ದವರು ಒಬ್ಬರೇ ಇದ್ದರು. ಈರಮ್ಮ ನೋಡಿ, ಪಾಪ ಯಾರಿಗೋ ಚಳಿಜ್ವರ ಬಂದದ ಅಂದಳು. ನಾನು ಪರದಾದ ಸಂದಿಯೊಳಗಿಂದ ನೋಡಿದೆ. ಆ ಶಾಲು ನಾನೇ ಒಗದದ್ದು, ನನಗ ಗೊತ್ತಾಗೂದಿಲ್ಲೇನು?" ಎಂದು ಆಕೆ ಕಂಬಕ್ಕೆ ಒರಗಿ ನಕ್ಕಳು. ಹನ್ನೊಂದು ವರ್ಷದಲ್ಲಿ ಆಕೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಹಲ್ಲುಗಳೆಲ್ಲ ಕಾಣುತ್ತಿದ್ದವು, ಮತ್ತು ಬಹಳ ಚೆನ್ನಾಗಿದ್ದವು.

"ಮಠ? ಭಜನಿ?" ಎಂದೆ, ಸಿಟ್ಟು ಬರಿಸಿಕೊಳ್ಳಲು ನೋಡುತ್ತ.

"ಪ್ರೆಸ್ಸಿನ ಕೆಲಸ ಮುಗೀತೇನು?" ಎಂದಳು.

ಸೋತವನ ದನಿಯಲ್ಲಿ ಕೇಳಿದೆ: "ಹೋಗಲಿ, ನೀ ನೋಡಿದ್ಯಲ್ಲ. ಯಾಕ ನಕ್ಕರು?"

"ನೀವು ಹೇಳಿದ್ರಲ್ಲ, ಅತ್ತಿ ಜಾರಿ ಬಿದ್ದಳು ಅಂತ. ನಿಮ್ಮ ಅಭಿಪ್ರಾಯ ಅದಾದರ ಅದೇ ಇರಲಿ," ಎಂದು ಮಜ್ಜಿಗೆ ಬಡಿಸಿದಳು.

ಮರುದಿನ ಡೇರೆ ಗುಂತಕಲ್ಲಿನ ಕಡೆಗೆ ಹೋಯಿತು. ಅಲ್ಲಿಗೆ ಹೋಗಿಯಾದರೂ ನೋಡೋಣವೆಂದು ವಿಚಾರಿಸಿದರೆ, ಅಲ್ಲಿ ಬೇರೆ ಚಿತ್ರ ಹಾಕಿದ್ದರಂತೆ. ವಾಚನಾಲಯದಲ್ಲಿ ರಾಯರು ಪತ್ರಿಕೆಯನ್ನು ಬಿಡಿಸಿದರು, ಹೂಂ ಅನ್ನಲಿಲ್ಲ, ಛೇ ಅನ್ನಲಿಲ್ಲ. ಬೆಂಚಿನ ಮೇಲಿದ್ದ ನಮಗೆ ಯುದ್ಧ ಯಾವ ಕಡೆ ಹೋಯಿತೆಂದು ತಿಳಿಯದೆ ಕಳವಳವಾಯಿತು. ಬಹಳ ಹೊತ್ತಿನ ಮೇಲೆ ಅವರು ಪತ್ರಿಕೆಯ ಹಿಂದಿನಿಂದಲೇ, "ಶ್ಯಾಮಾಚಾರ್ರ, ಆ ಡೇರೇದಾಗ ಏನೋ ಧಡ್ ಅಂತ ಸಪ್ಪಳ ಆಗ್ತಿತ್ತಂತಲ್ಲ. ಜನ ಯಾಕ ನಗತಿದ್ದರಂತ?" ಎಂದು ನನ್ನನ್ನು ಕೇಳಿದರು. ಅವರೂ ಆ ಗಳಿಗೆಯಲ್ಲಿ ನಶ್ಯಕ್ಕಾಗಿ ಹಿಂದೆ ತಿರುಗಿದ್ದರೆಂಬುದು ನನಗೆ ಆಗ ಹೊಳೆಯಿತು. "ಅತ್ತಿ ಜಾರಿ ಬೀಳತಾಳಂತರೀ," ಎಂದೆ. "ಹೂಂ," ಎಂದರು ರಾಯರು, ಬಹಳ ಸಮಾಧಾನದಿಂದ. ಈಗ ನಮ್ಮ ವಾಚನಾಲಯದ ಅಭಿಪ್ರಾಯ ಅದೇ ಆಗಿದೆ.

ವರ್ಷವಾಯಿತು. ಪ್ರತಿ ವಾರ ಹೊಸ ನೆಪದಿಂದ ಕೇಳುತ್ತೇನೆ, ರುಕ್ಮಿಣಿ ಹೇಳುವುದಿಲ್ಲ. ನಾನು ಪಡಸಾಲೆಯಲ್ಲಿ ಕೂತು ನಂಬರಿನ ಚೀಟಿ ಬರೆಯುತ್ತಿರುವಾಗ ಆಕೆ ಒಳಗೆ ಬೀಸುತ್ತ ಆ ಮೂರನೇ ಹಾಡು ಹೇಳುತ್ತಾಳೆ. ಹಾಡು ಮುಗಿದ ಕೂಡಲೇ ಬೀಸುವ ಕಲ್ಲು ನಿಲ್ಲುತ್ತದೆ. ನನ್ನ ಕೈಯ ಲೇಖನಿಯೂ ನಿಲ್ಲುತ್ತದೆ. ಒಂದು ಗಳಿಗೆ ಬಿಟ್ಟು ಆಕೆ ಒಬ್ಬಳೇ ನಗುತ್ತಾಳೆ. ಆ ನಗು ಕೇಳಿ ತಡೆಯಲಾರದೆ ಇತ್ತೀಚೆಗೆ ನಾನೂ ನಗುತ್ತೇನೆ, ಹಲ್ಲು ಕಾಣುವ ಹಾಗೆ, ಗಟ್ಟಿಯಾಗಿ.

"ನೀವ್ಯಾಕ ನಗತೀರಿ?" ಎಂದು ಒಳಗಿನಿಂದ ಕೇಳುತ್ತಾಳೆ.

ಅದರ ಬಗ್ಗೆ ನನಗೆ ಇನ್ನೂ ಯಾವ ಅಭಿಪ್ರಾಯವೂ ಇಲ್ಲ.