ದೋಣಿ ಮೋಟಾರಿನ ಪೆಟ್ರೋಲ್ ದಾರಿ

ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಪೆಟ್ರೋಲ್ ಹೋಗುವ ದಾರಿ ಒಂದು ಮೊಳವೂ ಇಲ್ಲ. ಆ ಒಂದು ಮೊಳದಲ್ಲಿ ನಾನು ಕಂಡಷ್ಟು ತಮಾಷೆಯನ್ನು ಚರ್ಚ್‌ಗೇಟಿನಿಂದ ವಿರಾರ್‌ವರೆಗಿನ ಲೋಕಲ್ ರೈಲಿನ ದಾರಿಯಲ್ಲೂ ಕಂಡಿಲ್ಲ. ಐವತ್ತರ ದಶಕದಲ್ಲಿ ನಾನು ಮುಂಬಯಿಯ ಒಂದು ಕಂಪನಿಯಲ್ಲಿ, ದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣ ಮೋಟಾರುಗಳ ಮೆಕ್ಯಾನಿಕ್ ಆಗಿದ್ದೆ. ಧಾರವಾಡದವನು, ಕೆರೆಗಿಂತ ದೊಡ್ಡ ನೀರನ್ನು ಕಂಡವನಲ್ಲ.

೧. ಬಂಡೆಯ ದೇವರು

ವರ್ಲಿಯ ಒಬ್ಬ ಮೀನುಗಾರರ ಮೋಟಾರು ದಿನಾ ಒಂದು ಕಪ್ಪು ಬಂಡೆಯ ಹತ್ತಿರವೇ ನಿಲ್ಲುತ್ತಿತ್ತು. ಅವರು ಬಂಡೆಗೆ ಒಂದು ತೆಂಗಿನಕಾಯಿ ಒಪ್ಪಿಸಿ, ಪೆಟ್ರೋಲ್ ಇದೆಯೇ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಹಗ್ಗ ಎಳೆದರೆ ಹೊರಡುತ್ತಿತ್ತು.

ನಾನೂ ಜೊತೆಗೆ ಹೋಗಿ ನೋಡಿದೆ. ಮುಚ್ಚಳದ ಮೇಲೆ ಗಾಳಿಗೆಂದು ಒಂದು ಪುಟ್ಟ ಸ್ಕ್ರೂ ಇರುತ್ತದೆ. ಸಮುದ್ರದ ನೀರು ಒಳಗೆ ಹೋದೀತೆಂದು ಅವರು ಅದನ್ನು ಬಿಗಿದುಬಿಟ್ಟಿದ್ದರು. "ಸೀಮೆಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬೀಳುತ್ತದೆಯೇ? ಗಾಳಿಗೆ ಇನ್ನೊಂದು ಬೇಕಲ್ಲ? ಇದೂ ಹಾಗೇ. ನೀವು ಮುಚ್ಚಳ ತೆಗೆದಾಗ ಮಾತ್ರ ಗಾಳಿ ಒಳಗೆ ಹೋಗುತ್ತದೆ" ಎಂದೆ. ಅವರಿಗೆ ತಟ್ಟನೆ ತಿಳಿಯಿತು. ಸ್ಕ್ರೂ ಸಡಿಲಿಸಿದರು. ಮಾರನೆಯ ದಿನ ಮೋಟಾರು ಬಂಡೆಯ ಹತ್ತಿರ ನಿಲ್ಲಲೇ ಇಲ್ಲ. ಅವರೇ ನಿಲ್ಲಿಸಿ ಕಾಯಿ ಒಪ್ಪಿಸಿದರು.

"ಸ್ಕ್ರೂ ವಿಷಯ ಹೇಳಿದ್ದೆನಲ್ಲ?" ಎಂದೆ.

"ಸ್ಕ್ರೂ ಸರಿ ಸಾಹೇಬ. ಆದರೆ ಅದನ್ನು ಹೇಳಲಿಕ್ಕೆ ನಿಮ್ಮನ್ನು ಕಳಿಸಿದ್ದು ಯಾರು?"

೨. ಒಳ್ಳೆಯ ಎಣ್ಣೆ

ಈ ಮೋಟಾರುಗಳಿಗೆ ಪೆಟ್ರೋಲಿನಲ್ಲೇ ಎಂಜಿನ್ ಎಣ್ಣೆ ಬೆರೆಸಿ ಹಾಕಬೇಕು. ಮಲಾಡಿನಲ್ಲಿ ಉಡುಪಿ ಕಡೆಯ ಹೋಟೆಲ್ ಮಾಲಕರೊಬ್ಬರು ರಜೆಯ ದಿನ ಮಾರ್ವೆಯ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಗಾಳ ಹಾಕಲೆಂದು ಒಂದು ಮೋಟಾರು ಕೊಂಡಿದ್ದರು. ನಮ್ಮ ಗುಮಾಸ್ತ ಅವರಿಗೆ "ಪೆಟ್ರೋಲಿಗೆ ಎಣ್ಣೆ ಬೆರೆಸಿ, ಒಳ್ಳೆಯದಿರಲಿ" ಎಂದಷ್ಟೇ ಹೇಳಿದ್ದ. ತಿಂಗಳಾಗುವಷ್ಟರಲ್ಲಿ ಮೋಟಾರು ಕೆಟ್ಟಿತು. ಬಿಚ್ಚಿದರೆ ಒಳಗೆಲ್ಲ ಅಂಟು.

"ಯಾವ ಎಣ್ಣೆ ಹಾಕಿದ್ರಿ?"

"ಒಳ್ಳೆಯದೇ ಹಾಕಿದ್ದು ಮಾರಾಯ್ರೆ. ನಮ್ಮ ಗೋಳಿಬಜೆ ಕಾಯಿಸುವ ನೆಲಗಡಲೆ ಎಣ್ಣೆ."

ಅದು ನಡೆಯುವುದಿಲ್ಲ ಎಂದು ವಿವರಿಸಿದೆ. ಅವರು ಹೇಳಿದರು: "ಹಾಗಾದ್ರೆ ದಡದ ಜನ ಮೂಗರಳಿಸಿಕೊಂಡು ನನ್ನ ದೋಣಿಯ ಹಿಂದೆಯೇ ನಡೆದುಕೊಂಡು ಬರ್ತಿದ್ದದ್ದು ಮೋಟಾರು ನೋಡ್ಲಿಕ್ಕೆ ಅಲ್ಲ."

೩. ಅವ್ವನ ಪತ್ರ

ಮುಂಬಯಿಯ ಮೂಲ ಮೀನುಗಾರರಿಗೆ ಕೋಳಿ ಜನ ಎನ್ನುತ್ತಾರೆ. ಅವರಿಗೆ ಮೋಟಾರಿನ ಭಾಗಗಳನ್ನು ತೋರಿಸಿ ಕಲಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಖುಷಿಯಿಂದ ಊರಿಗೆ ಬರೆದೆ: "ಅವ್ವಾ, ಈಗ ವಾರಕ್ಕ ಎರಡ ದಿನ ಕೋಳಿಗಳಿಗೆ ಕಾರ್ಬ್ಯುರೇಟರ್ ಬಿಚ್ಚಿ ಜೋಡಸೂದು ಕಲಸ್ತೀನಿ. ಲಗೂನ ಕಲೀತಾರ."

ಅವ್ವ ಪಕ್ಕದ ಮನೆಯವರ ಕೈಯಿಂದ ಉತ್ತರ ಬರೆಸಿದಳು: "ಮುಂಬಯಿ ಹವಾ ನಿನಗ ಒಗ್ಗಿಲ್ಲ ಅಂತ ಕಾಣಸ್ತದ. ರಜಾ ಹಾಕಿ ಬಂದುಬಿಡು. ಕೋಳಿ ಏನ ಕಲೀಬೇಕೋ ತಾವ ಕಲೀತಾವ."

೪. ಜೆಟ್

ವರ್ಸೋವಾದ ಮೀನುಗಾರರ ಒಂದು ಗುಂಪು ಮೋಟಾರು ಕೊಳ್ಳುವ ಯೋಚನೆಯಲ್ಲಿತ್ತು. ಅಲ್ಲಿ ಎಲ್ಲರೂ 'ಆಜಿ' ಎಂದು ಕರೆಯುವ ಒಬ್ಬ ಮುದುಕಿಯ ಮಾತೇ ಕೊನೆ. ತಾನೇ ದೋಣಿಯಲ್ಲಿ ಕೂತು ನೋಡುತ್ತೇನೆ ಎಂದಳು. ನಮ್ಮ ಮ್ಯಾನೇಜರು ಟೈ ಕಟ್ಟಿಕೊಂಡು ಬಂದರು. "ಇದು ಕೈತಪ್ಪಿದರೆ ನಾವಿಬ್ಬರೂ ಊರಿನ ಗಾಡಿ ಹತ್ತಬೇಕಾದೀತು" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಜಿ, ಆಕೆಯ ಮಗ, ಮ್ಯಾನೇಜರು, ನಾನು. ಖಾಡಿಯ ನಟ್ಟನಡುವೆ ಮೋಟಾರು ಕೆಮ್ಮಿ ನಿಂತಿತು.

ಟ್ಯಾಂಕ್ ನೋಡಿದೆ, ಪೆಟ್ರೋಲಿತ್ತು. ನಳಿಕೆ ಬಿಚ್ಚಿದೆ, ಪೆಟ್ರೋಲ್ ಬರುತ್ತಿತ್ತು. ಉಳಿದದ್ದು ಜೆಟ್: ಕಾರ್ಬ್ಯುರೇಟರಿನೊಳಗೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ, ಕಡಲೆಕಾಳಿನಷ್ಟು ಹಿತ್ತಾಳೆಯ ತುಣುಕು. ಅದರ ಸೂಜಿತೂತಿನಲ್ಲಿ ಕಸ ಸಿಕ್ಕಿತ್ತು. ಜೆಟ್ಟನ್ನು ತುಟಿಗಳ ನಡುವೆ ಹಿಡಿದು ಊದಿದೆ. ಕಸ ಹಾರಿತು. ಅಷ್ಟರಲ್ಲಿ ಆಜಿ, "ಏನಪ್ಪಾ ಅದು?" ಎಂದು ಕೇಳಿದಳು.

ಕಲಿಸುವ ಚಟ. ಹೇಳಲೆಂದು ಬಾಯಿ ತೆರೆದೆ. ಅದೇ ಗಳಿಗೆಗೆ ಒಂದು ತೆರೆ ದೋಣಿಯನ್ನು ಎತ್ತಿ ಹಾಕಿತು. ಜೆಟ್ ಗಂಟಲಿಳಿಯಿತು.

"ಜೆಟ್ ಎಲ್ಲಿ?" ಎಂದರು ಮ್ಯಾನೇಜರು. ನಾನು ಹೊಟ್ಟೆ ತೋರಿಸಿದೆ.

"ಇನ್ನೊಂದು?"

"ಆಫೀಸಿನಲ್ಲಿದೆ ಸರ್."

ಆಜಿಯ ಮಗ ಹುಟ್ಟು ಕೈಗೆತ್ತಿಕೊಂಡ. ಅರ್ಧ ದಾರಿಗೆ ಆಜಿ ನಿಧಾನವಾಗಿ ಹೇಳಿದಳು: "ಯಂತ್ರ ಪೆಟ್ರೋಲ್ ಕುಡಿಯುತ್ತದೆ, ಮೇಸ್ತ್ರಿ ಯಂತ್ರವನ್ನೇ ತಿನ್ನುತ್ತಾನೆ. ಇಬ್ಬರನ್ನೂ ಸಾಕಲಿಕ್ಕೆ ನಮ್ಮಿಂದಾದೀತೇ?" ಮ್ಯಾನೇಜರು ಟೈ ಬಿಚ್ಚಿ ಜೇಬಿಗಿಟ್ಟರು.

ದಡ ಸೇರಿದ ಮೇಲೆ ಆಜಿ ನನ್ನನ್ನು ಬಿಡಲಿಲ್ಲ. ತನ್ನ ಮಗನೂ ಚಿಕ್ಕಂದಿನಲ್ಲಿ ಅಂಗಿಯ ಗುಂಡಿ ನುಂಗಿದ್ದನೆಂದು ಹೇಳುತ್ತಾ ಎದುರು ಕೂತು ಎಂಟು ಬಾಳೆಹಣ್ಣು ತಿನ್ನಿಸಿದಳು. ಡಾಕ್ಟರು ಹೆದರಬೇಡ ಎಂದರು. ಮೂರನೆಯ ದಿನ ನನ್ನ ಚಿಂತೆ ಕಳೆಯಿತು. ಮ್ಯಾನೇಜರ ಚಿಂತೆ ಉಳಿದಿತ್ತು.

ಮುಂದಿನ ವಾರ ಆಜಿಯ ಮಗ ಆಫೀಸಿಗೆ ಬಂದ. ನಾಲ್ಕು ಮೋಟಾರು ಬೇಕಂತೆ. ಒಂದೇ ಷರತ್ತು: ಪ್ರತಿ ಮೋಟಾರಿನ ಜೊತೆ ಎರಡು ಹೆಚ್ಚಿನ ಜೆಟ್ ಕೊಡಬೇಕು.

"ಒಂದು ಸಾಲದೇ?" ಎಂದರು ಮ್ಯಾನೇಜರು.

ಅವನು ನನ್ನ ಕಡೆ ನೋಡಿ, ಬಹಳ ಗಂಭೀರವಾಗಿ ಹೇಳಿದ: "ಒಂದು ಮೋಟಾರಿಗೆ. ಇನ್ನೊಂದು, ರಿಪೇರಿಗೆ ಇವರೇ ಬಂದರೆ."