ತತ್ತಿ ಇಡದ ಮೀನು

ಮೀನು ಸಾಕುವುದರಲ್ಲಿ ಕಷ್ಟವೇನಿದೆ ಹೇಳಿ? ನಾಯಿಯ ಹಾಗೆ ಬೊಗಳುವುದಿಲ್ಲ, ಎಮ್ಮೆಯ ಹಾಗೆ ಎರಡು ಹೊತ್ತು ಹಿಂಡಬೇಕಿಲ್ಲ, ಬೀಗರ ಹಾಗೆ ಮಾತುಮಾತಿಗೆ ಮುನಿಸಿಕೊಳ್ಳುವುದಿಲ್ಲ. ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಕಣ್ಣು ಮುಚ್ಚಿ ಮೂಸಿ ನೋಡಿ ಇದು ಯಾವ ಊರಿನ ಹೊಲದ ಕಾಯಿ ಎಂದು ಹೇಳಬಲ್ಲೆ. ಅಂಥವನಿಗೆ ಬೆರಳಿನಷ್ಟೂ ಉದ್ದವಿಲ್ಲದ ಮೀನು ಯಾವ ಲೆಕ್ಕ? ಹಾಗಂತ ತಿಳಿದಿದ್ದೆ.

ಮೊದಲು ನಮ್ಮ ಮನೆಯ ಕಟ್ಟುಪಾಡು ಹೇಳಬೇಕು. ನಮ್ಮದು ಲಿಂಗವಂತರ ಮನೆ. ಅಜ್ಜನ ಕಾಲದಿಂದ ಈ ಹೊಸ್ತಿಲು ದಾಟಿ ಒಂದು ತತ್ತಿ ಒಳಗೆ ಬಂದಿಲ್ಲ. ಇದು ಜಗತ್ತಿಗೆ ತಿಳಿಯದೆ ಹೋದೀತೆಂದು ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಫಕ್ತ ಶಾಕಾಹಾರಿ’, ಅಂದರೆ ಸಸ್ಯಾಹಾರಿಗಳು ಮಾತ್ರ, ಎಂದು ಫಲಕ ಹಾಕಿಸಿದ್ದೆ. ಮೇಲಿನ ಖೋಲಿಯಲ್ಲಿ ಸಂದೀಪ ಮತ್ತು ಸ್ವಾತಿ ಎಂಬ ಗಂಡಹೆಂಡತಿ ಬಾಡಿಗೆಗಿದ್ದರು. ಆಜರಾ ಕಡೆಯವರು, ಮರಾಠಿ ಮಂದಿ. ನನ್ನ ಹೆಂಡತಿ ಮಹಾದೇವಿಯ ಜೊತೆ ಮಾತಾಡಿ ಮಾತಾಡಿ ಸ್ವಾತಿ ನಮ್ಮ ಕನ್ನಡ ಕಲಿತಿದ್ದಳು. ಬಸುರಿ ಹೆಂಗಸು.

ಒಂದು ಬೆಳಿಗ್ಗೆ ಮೇಲಿನಿಂದ ತತ್ತಿ ಬೇಯಿಸಿದ ವಾಸನೆ ಬಂತು. ನನ್ನ ಮೂಗು ಸುಳ್ಳು ಹೇಳುವ ಮೂಗಲ್ಲ. ಸರಸರ ಮೆಟ್ಟಿಲು ಹತ್ತಿದೆ.

“ಕಾಕಾ, ದಿನಾ ಒಂದ ತತ್ತಿ ತಿನ್ನು ಅಂತ ಡಾಕ್ಟರಬಾಯಿ ಹೇಳ್ಯಾರ,” ಎಂದಳು ಸ್ವಾತಿ.

“ಡಾಕ್ಟರಬಾಯಿ ಮನಿ ಬಾಡಿಗಿಗೆ ಸಿಕ್ಕರ ಅಲ್ಲೇ ಹೋಗಿ ತಿನ್ನವಾ,” ಎಂದೆ. ತಿಂಗಳ ಕೊನೆಗೆ ಖೋಲಿ ಖಾಲಿ ಮಾಡಬೇಕೆಂದು ತೀರ್ಪು ಕೊಟ್ಟು, ಧರ್ಮ ಉಳಿಸಿದ ಠೀವಿಯಲ್ಲಿ ಕೆಳಗೆ ಇಳಿದೆ. ಮಹಾದೇವಿ ಅಂದು ನನಗೆ ಚಹಾ ಕೊಡಲಿಲ್ಲ.

ಅದೇ ವಾರ ಇಚಲಕರಂಜಿಯಿಂದ ನನ್ನ ಷಡ್ಡಕ ಬಾಳಾಸಾಹೇಬ ಬಂದ. ಮಹಾದೇವಿಯ ಅಕ್ಕನ ಗಂಡ, ಮಗ್ಗದ ಕಾರಖಾನೆಯ ಧಣಿ, ಮೀನಿನ ಹುಚ್ಚ. ತನ್ನ ಮನೆಗೆ ದೊಡ್ಡ ಪೆಟ್ಟಿಗೆ ತಂದನಂತೆ; ಹಳೆಯ ಸಣ್ಣ ಪೆಟ್ಟಿಗೆಯನ್ನು ಗಪ್ಪಿ ಮೀನುಗಳ ಸಮೇತ ನಮಗೆ ಕಾಣಿಕೆ ಎಂದು ಹೊತ್ತು ತಂದಿದ್ದ.

“ನಮ್ಮ ಮನ್ಯಾಗ ಮೀನಾ?” ಎಂದು ನಾನು ಹಿಂದೆ ಸರಿದೆ.

“ಮಲ್ಲಣ್ಣಾ, ಇವು ನಿನ್ನಂಥವರ ಸಲುವಾಗೇ ಹುಟ್ಯಾವ. ತತ್ತಿ ಇಡೂದಿಲ್ಲ. ಸೀದಾ ಮರಿ ಹಾಕತಾವ,” ಎಂದ.

ತತ್ತಿಯನ್ನೇ ಇಡದ ಮೀನು! ಜಲಚರಗಳಲ್ಲಿಯೂ ಇಷ್ಟು ಸಂಸ್ಕಾರವಂತ ಕುಲವಿದೆ ಎಂದು ನನಗೆ ಗೊತ್ತಿರಲಿಲ್ಲ. ತಕ್ಷಣ ಪಡಸಾಲೆಯಲ್ಲಿ ದೇವರಕೋಣೆಯ ಪಕ್ಕದ ಮೇಜು ಖಾಲಿ ಮಾಡಿಸಿ ಪೆಟ್ಟಿಗೆ ಇಡಿಸಿದೆ. ಅದರಲ್ಲಿ ಒಂದು ಹೆಣ್ಣು ಗಪ್ಪಿಗೆ ಹೊಟ್ಟೆ ಮುಂದೆ ಬಂದಿತ್ತು. “ಈಕಿ ಬಸರಿ ಅದಾಳ. ಹಡಿಯೂ ಮುಂದ ಬ್ಯಾರೆ ಇಡ್ರಿ. ಇಲ್ಲಂದ್ರ ತನ್ನ ಮರಿ ತಾನ ತಿಂತಾಳ,” ಎಂದು ಷಡ್ಡಕ ಎಚ್ಚರಿಸಿದ. ಮೀನಿನ ತಿಂಡಿಯ ಒಂದು ಡಬ್ಬಿಯನ್ನೂ ಕೊಟ್ಟ.

ಡಬ್ಬಿ ಮೂಸಿ ನೋಡಿದೆ. ಒಣ ಸೀಗಡಿಯ ವಾಸನೆ. ಅದನ್ನು ಗಟಾರಕ್ಕೆ ಸುರಿದೆ. ನಮ್ಮ ಮನೆಗೆ ಬಂದ ಮೇಲೆ ಮೀನಾದರೇನು, ನಮ್ಮ ಊಟ ಉಣ್ಣಬೇಕು. ಜೋಳದ ರೊಟ್ಟಿಯನ್ನು ಪುಡಿ ಮಾಡಿ ಹಾಕಿದೆ. ಅವಲಕ್ಕಿ ಹಾಕಿದೆ. ಹಬ್ಬದ ದಿನ ಹೋಳಿಗೆಯ ತುಣುಕನ್ನೂ ಹಾಕಿದೆ. ನೀರು ಮಜ್ಜಿಗೆಯಂತಾಯಿತು. ಮೀನುಗಳು ತಿಂದವೋ ಇಲ್ಲವೋ ಕಾಣಿಸುತ್ತಲೇ ಇರಲಿಲ್ಲವಾದ್ದರಿಂದ ತಿಂದವೆಂದೇ ತೀರ್ಮಾನಿಸಿದೆ. ಅಂಗಡಿಗೆ ಬಂದವರಿಗೆಲ್ಲ “ನಮ್ಮ ಮೀನ ಸುದ್ದಾ ಶಾಕಾಹಾರಿ” ಎಂದು ಸಾರಿದೆ.

ಮಹಾದೇವಿ ಆ ಬಸುರಿ ಮೀನಿಗೆ ಗೌರಿ ಎಂದು ಹೆಸರಿಟ್ಟು, ಓಣಿಯ ಹೆಂಗಸರನ್ನು ಕರೆದು ಬಸುರಿಯರಿಗೆ ಮಾಡುವ ಕುಬಸದ ಶಾಸ್ತ್ರವನ್ನೂ ಮಾಡಿದಳು. ಪೆಟ್ಟಿಗೆಯ ಮೇಲೆ ಹಸಿರು ಖಣ ಹಾಸಿ ಆರತಿ ಎತ್ತಿದಳು. “ಮ್ಯಾಲಿನಾಕಿಗಂತೂ ಮಾಡಾಕ ನೀವು ಬಿಡಲಿಲ್ಲ,” ಎಂದು ನನಗೆ ಕೇಳುವಂತೆ ಹೇಳಿದಳು. ನಾನು ಕೇಳಿಸದವನಂತೆ ಆರತಿಗೆ ಕೈ ಮುಗಿದೆ.

ಗೌರಿ ಹಡೆದಳು. ಎರಡು ಕಣ್ಣು, ಒಂದು ಬಾಲ ಬಿಟ್ಟರೆ ಮತ್ತೇನೂ ಇಲ್ಲದ ಮರಿಗಳು. ಬೇರೆ ಇಡಬೇಕೆಂಬ ಷಡ್ಡಕನ ಮಾತು ನೆನಪಿತ್ತು. ಆದರೆ ಇಷ್ಟು ದಿನ ರೊಟ್ಟಿ ತಿಂದ ತಾಯಿ ಮಕ್ಕಳನ್ನು ತಿನ್ನುವಳೇ? ನಮ್ಮ ಮನೆಯ ಉಪ್ಪಿಗೆ ಅಷ್ಟೂ ಮಹಿಮೆ ಇಲ್ಲವೇ? ಓಣಿಯವರನ್ನೆಲ್ಲ ಕೂಡಿಸಿ, ಆಹಾರದಿಂದ ಗುಣ ಹೇಗೆ ಬದಲಾಗುತ್ತದೆ ಎಂದು ಪ್ರವಚನ ಶುರು ಮಾಡಿದೆ.

ಎದುರುಮನೆಯ ಗೋದಕ್ಕ ಪೆಟ್ಟಿಗೆಗೆ ಮೂಗು ಹಚ್ಚಿ ನಿಂತಿದ್ದಳು. “ಶೆಟ್ಟರ, ನಿಮ್ಮ ಶಾಕಾಹಾರಿ ಗೌರಿ ಏನೋ ತಿನ್ನಾಕತ್ತಾಳ ನೋಡ್ರಿ. ಅದಕ್ಕ ಬಾಲ ಐತಿ,” ಎಂದಳು.

ಪ್ರವಚನ ಅಲ್ಲಿಗೆ ಮುಗಿಯಿತು. ಮಹಾದೇವಿ ಚಹಾ ಸೋಸುವ ಜಾಳಿಗೆ ತಂದಳು. ನಾನು ಕೈ ಹಾಕಹೋದರೆ “ಮೆಣಸಿನಕಾಯಿ ಕೈ ದೂರ ಇಡ್ರಿ” ಎಂದು ತಳ್ಳಿ, ಉಳಿದ ಮರಿಗಳನ್ನು ತಾನೇ ಸೋಸಿ ಗಾಜಿನ ಬರಣಿಗೆ ಹಾಕಿದಳು.

ಗಂಡಾಂತರ ಕಳೆಯಿತೆಂದುಕೊಂಡರೆ ಮರಿಗಳು ರೊಟ್ಟಿ ಮುಟ್ಟಲೊಲ್ಲವು. ಅವಲಕ್ಕಿ ಪುಡಿ ಅವುಗಳ ತಲೆಗಿಂತ ದೊಡ್ಡದು. ಮರುದಿನ ಒಂದು ಮರಿ ತೇಲಿತು, ಅದರ ಹಿಂದೆ ಇನ್ನೊಂದು. ಮಹಾದೇವಿ ಬರಣಿಯ ಮುಂದೆ ಕೂತು ಕಣ್ಣೀರು ಹಾಕಿದಳು. “ಹಡದ ಮನ್ಯಾಗ ಕೂಸು ಹಸದು ಸಾಯಾಕತ್ತಾವ. ಇವು ಬದುಕಲಿಲ್ಲಂದ್ರ ನಾ ತವರಿಗೆ ಹೋಗಾಕಿ. ಮೀನಿನ ಸಂಗಡ ನೀವೂ ಒಣ ಅವಲಕ್ಕಿ ತಿಂದ್ಕೊಂಡಿರ್ರಿ.” ಅವಳು ಹೇಳಿದ್ದನ್ನು ಮಾಡುವವಳು. ನಾನು ಷಡ್ಡಕನಿಗೆ ಫೋನು ಹಚ್ಚಿದೆ.

“ಅಂಗಡಿ ಪುಡಿ ಕೊಲ್ಹಾಪುರದಾಗ ಸಿಗತೈತಿ, ಆದ್ರ ಅದೂ ಸೀಗಡೀದ,” ಎಂದ. “ನಿನ್ನ ಮರಿ ಅಲ್ಲೀತನಾ ತಡಿಯೂದಿಲ್ಲ. ಕುದಿಸಿದ ತತ್ತಿಯೊಳಗಿನ ಹಳದಿ ಐತಲ್ಲ, ಅದನ್ನ ಚಿಟಿಕಿಯಷ್ಟು ತಿಕ್ಕಿ ಹಾಕು. ಬದಕತಾವ.”

“ತತ್ತಿ ಇಡೂದಿಲ್ಲ ಅಂದಿದ್ದಿ?”

“ಇಡೂದಿಲ್ಲ ಅಂದೆ. ತಿನ್ನೂದಿಲ್ಲ ಅಂದ್ನೇನು?”

ಗಡಹಿಂಗ್ಲಜದಲ್ಲಿ ನಾನು ತತ್ತಿ ಕೊಳ್ಳುವುದೆಂದರೆ ಸಂತೆಯಲ್ಲಿ ಡಂಗುರ ಹೊಡೆಸಿದಂತೆ. ಸ್ಕೂಟರ್ ಹತ್ತಿ ಹತ್ತಿರದ ನೂಲ ಎಂಬ ಊರಿಗೆ ಹೋದೆ. ಹಳ್ಳಿಯ ಅಂಗಡಿ, ಯಾರು ಗುರುತಿಸುತ್ತಾರೆ? ಆದರೆ ಅಂಗಡಿಯವನ ಹೊಲದ ಮೆಣಸಿನಕಾಯಿ ಪ್ರತಿ ವರ್ಷ ಮಾರಾಟಕ್ಕೆ ಬರುವುದು ನನ್ನ ಹತ್ತಿರವೇ ಎಂಬುದು ಅವನು ನಮಸ್ಕಾರ ಮಾಡಿದ ಮೇಲೆ ಹೊಳೆಯಿತು.

“ಒಂದ ತತ್ತಿ ಕೊಡಪಾ. ಔಷಧಕ್ಕ,” ಎಂದೆ ಮೆಲ್ಲಗೆ.

“ಹೌದ್ರಿ ಶೆಟ್ಟರ. ನಿಮ್ಮ ಓಣಿಯವರೆಲ್ಲಾ ಔಷಧಕ್ಕಂತನ ಒಯ್ತಾರ,” ಎಂದು ಅವನು ಕಾಗದದಲ್ಲಿ ಸುತ್ತಿ ಕೊಟ್ಟ.

ನಮ್ಮ ಓಣಿಯವರೆಲ್ಲರೂ? ಇದೇ ಯೋಚನೆಯಲ್ಲಿ ರಸ್ತೆಯ ಉಬ್ಬು ಕಾಣಲಿಲ್ಲ. ಸ್ಕೂಟರ್ ಹಾರಿತು. ಎದೆಯ ಕಿಸೆಯಲ್ಲಿ ಕಟಕ್ ಎಂದಿತು. ಬಿಳಿ ಅಂಗಿಯ ಮೇಲೆ ಹಳದಿ ಇಳಿಸಿಕೊಂಡು ಪೇಟೆಯ ನಡುವೆ ಮನೆಗೆ ಬಂದೆ. ಗೋದಕ್ಕ ಕಟ್ಟೆಯ ಮೇಲೆ ಕೂತಿದ್ದಳು. “ಅರಿಷಿಣ,” ಎಂದೆ, ಅವಳು ಕೇಳುವ ಮೊದಲೇ.

ಮಹಾದೇವಿ ಅಂಗಿ ನೋಡಿದಳು, ನನ್ನನ್ನು ನೋಡಿದಳು, ಛತ್ತಿನ ಕಡೆ ನೋಡಿದಳು. “ಮ್ಯಾಲ ಹೋಗಿ ಕೇಳ್ರಿ,” ಎಂದಳು.

ಆ ಮೆಟ್ಟಿಲುಗಳು ಅಷ್ಟು ಎತ್ತರ ಎಂದು ನನಗೆ ಅಂದೇ ತಿಳಿಯಿತು. ಸ್ವಾತಿ ಬಾಗಿಲು ತೆರೆದಳು. ಒಳಗೆ ಅರ್ಧ ಕಟ್ಟಿದ ಗಂಟುಗಳು.

“ಒಂದ ತತ್ತಿ ಐತೇನವಾ?”

ಅವಳ ಮುಖ ಬಿಳಿಚಿತು. “ಇಲ್ರಿ ಕಾಕಾ. ಶಪ್ಪತ. ಅವತ್ತಿಂದ ತಂದೇ ಇಲ್ಲ. ಬೇಕಾದ್ರ ಒಳಗ ಬಂದು ನೋಡ್ರಿ.”

“ಹಂಗಲ್ಲವಾ. ನನಗ ಬೇಕಾಗೇತಿ.”

“ಪರೀಕ್ಷಾ ಮಾಡಬ್ಯಾಡ್ರಿ ಕಾಕಾ.”

ಲಿಂಗವಂತರ ಮನೆಯ ಯಜಮಾನ ನಾನು, ಬಾಡಿಗೆದಾರಳ ಹೊಸ್ತಿಲಲ್ಲಿ ನಿಂತು, ತತ್ತಿ ನಿಜವಾಗಿಯೂ ಬೇಕೆಂದು ಗಂಟಲ ಚರ್ಮ ಹಿಡಿದು ಆಣೆ ಮಾಡಬೇಕಾಯಿತು. ಮರಿಗಳ ಸುದ್ದಿ ಕೇಳಿದ ಮೇಲೆ ಅವಳು ಒಳಗೆ ಹೋಗಿ ಆಜರಾದ ಅಕ್ಕಿಯ ಡಬ್ಬಿಯಲ್ಲಿ ಕೈ ಹುಗಿದು ಒಂದು ತತ್ತಿ ತೆಗೆದಳು. ಕುದಿಸಿ, ಸುಲಿದು, ವಾಟಗಾ ಬಟ್ಟಲಲ್ಲಿ ಹಾಕಿ ಕೊಟ್ಟಳು.

ಹಳದಿ ಬಿದ್ದದ್ದೇ ತಡ, ಮರಿಗಳು ಮುಗಿಬಿದ್ದವು. ನೋಡನೋಡುತ್ತ ಅವುಗಳ ಹೊಟ್ಟೆ ಹಳದಿ ಚುಕ್ಕೆಯಾಯಿತು. ಮಹಾದೇವಿ ಕಣ್ಣೊರೆಸಿಕೊಂಡಳು.

“ಮೀನಿನ ಕೂಸಿಗೆ ತತ್ತಿ ಬೇಕು. ಆಕಿ ಹೊಟ್ಟ್ಯಾಗಿನ ಕೂಸಿಗೆ ಬ್ಯಾಡ. ಇದು ಯಾವ ಧರ್ಮರಿ?”

ಅಂದೇ ಸಂದೀಪನಿಗೆ ಗಂಟು ಬಿಚ್ಚಲು ಹೇಳಿದೆ. ಅಂದಿನಿಂದ ದಿನಾ ಬೆಳಿಗ್ಗೆ ವಾಟಗಾ ಹಿಡಿದು ಮೇಲೆ ಹೋಗಿ ತತ್ತಿ ತರುವುದು, ಚಿಟಿಕೆ ಹಳದಿ ಬರಣಿಗೆ ಹಾಕುವುದು, ಉಳಿದದ್ದನ್ನು ಮನೆಯಿಂದ ಆಚೆ ವಿಲೇವಾರಿ ಮಾಡುವುದು, ಇಷ್ಟೂ ಹೊಲಸು ಕೆಲಸವನ್ನು ಬೇರೆಯವರಿಗೆ ಬಿಡದೆ ನಾನೊಬ್ಬನೇ ವಹಿಸಿಕೊಂಡೆ.

ಮರಿಗಳಿಗೆ ಬಣ್ಣ ಮೂಡಿದ ಮೇಲೆ ಮಹಾದೇವಿ ಸ್ವಾತಿಗೆ ಕುಬಸ ಮಾಡಿದಳು. ಷಡ್ಡಕನೂ ಬಂದ, ಓಣಿಯೂ ಬಂತು. ನಾನು ಎದ್ದು ನಿಂತು ದಯೆಯೇ ಧರ್ಮದ ಮೂಲವೆಂದೂ, ಒಂದು ಜೀವ ಉಳಿಸಲು ನನ್ನ ಕೈಯಾರೆ ತತ್ತಿ ಮುಟ್ಟಿ ಎಂಥ ತ್ಯಾಗ ಮಾಡಿದೆನೆಂದೂ ವಿವರಿಸಿದೆ. ಗೋದಕ್ಕ ಕೂಡ ತಲೆದೂಗಿದಳು.

ಮಹಾದೇವಿ ಸ್ವಾತಿಗೆ ಉಡಿ ತುಂಬುತ್ತ ಕೇಳಿದಳು: “ಮೀನಿಗೆ ಚಿಟಿಕಿಯಷ್ಟ ಸಾಕು. ಉಳಿದ ತತ್ತಿ ನೀನ ತಿಂತಿ ಹೌದಿಲ್ಲೋ?”

“ಇಲ್ರಿ ಕಾಕೂ, ನನಗ ಬ್ಯಾರೆ ಇರತೈತಿ. ಅದನ್ನ ಕಾಕಾ ಇಡೀದು ಒಯ್ತಾರ,” ಎಂದಳು ಆ ಮುಗ್ಧ ಹುಡುಗಿ. “ಮ್ಯಾಲೊಂದೀಟು ಉಪ್ಪು, ಕರಿಮೆಣಸಿನ ಪುಡಿ ಉದುರಸು ಅಂತಾರ.”

“ನಮ್ಮ ಇಚಲಕರಂಜಿ ಮೀನ ಸಪ್ಪಂದ ತಿಂತಾವಪಾ,” ಎಂದ ಷಡ್ಡಕ.

ಮಹಾದೇವಿ ಸ್ಟೂಲು ಹಾಕಿಕೊಂಡು ಹೊರಬಾಗಿಲ ಮೇಲಿನ ‘ಫಕ್ತ ಶಾಕಾಹಾರಿ’ ಫಲಕವನ್ನು ಇಳಿಸಿದಳು. ಧೂಳು ಒರೆಸಿ ಅಡುಗೆಮನೆಯ ಬಾಗಿಲಿಗೆ ಹಾಕಿದಳು.

ಈಗ ನನ್ನ ತಾಟು ಪಡಸಾಲೆಯಲ್ಲಿ, ಗೌರಿಯ ಪೆಟ್ಟಿಗೆಯ ಪಕ್ಕಕ್ಕೆ ಬರುತ್ತದೆ.